ಲೇಸರ್‌ನಲ್ಲಿ ಕೂದಲು ತೆಗೆಸುವಾಗ ಎಷ್ಟು ನೋಯುತ್ತದೆ?

ಪ್ರಶ್ನೆ: ನನಗೆ 27 ವರ್ಷ. ಮೇಲ್ತುಟಿ, ಕಂಕುಳು ಮತ್ತು ಕಾಲಿನ ಕೂದಲನ್ನು ಲೇಸರ್‌ನಲ್ಲಿ ತೆಗೆಸಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೇನೆ. ನೋವಿಗೆ ಹೆದರಿ ಮುಂದೂಡುತ್ತಲೇ ಬಂದೆ. ಒಬ್ಬ ಗೆಳತಿ ಏನೂ ಗೊತ್ತಾಗಲ್ಲ ಅನ್ನುತ್ತಾಳೆ. ಇನ್ನೊಬ್ಬಳು ಕಣ್ಣಲ್ಲಿ ನೀರು ಬಂತು ಅನ್ನುತ್ತಾಳೆ. ನಿಜವಾಗಿ ಹೇಗಿರುತ್ತದೆ? ನನ್ನ ಬಣ್ಣ ಕಪ್ಪು. ಅದಕ್ಕೆ ನೋವು ಜಾಸ್ತಿ ಆಗುತ್ತಾ?

ಉತ್ತರ: ಇಬ್ಬರು ಗೆಳತಿಯರೂ ನಿಜವನ್ನೇ ಹೇಳಿರಬೇಕು. ಒಬ್ಬಳು ಕೈಗೆ ಮಾಡಿಸಿಕೊಂಡಿರಬಹುದು, ಇನ್ನೊಬ್ಬಳು ಮೇಲ್ತುಟಿಗೋ ಬಿಕಿನಿ ಭಾಗಕ್ಕೋ. ಒಬ್ಬರದೇ ಮೈಯಲ್ಲಿ ಜಾಗದಿಂದ ಜಾಗಕ್ಕೆ ನೋವು ಅಷ್ಟು ಬೇರೆ ಇರುತ್ತದೆ.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ, ಅರ್ಧ ಭಯ ಅಲ್ಲೇ ಇಳಿಯುತ್ತದೆ. ಲೇಸರ್ ಬೆಳಕು ಚರ್ಮದೊಳಗೆ ಇಳಿದು ಕೂದಲಿನ ಕಪ್ಪು ಬಣ್ಣಕ್ಕೆ, ಅಂದರೆ ಮೆಲನಿನ್‌ಗೆ ತಾಗುತ್ತದೆ. ಅಲ್ಲಿ ಬೆಳಕು ಶಾಖವಾಗುತ್ತದೆ. ಆ ಶಾಖಕ್ಕೆ ಕೂದಲ ಬುಡ ಹಾಳಾಗಬೇಕು, ಸುತ್ತಲಿನ ಚರ್ಮ ಉಳಿಯಬೇಕು. ಇದು ಹೇಗೆ ಸಾಧ್ಯ ಅನ್ನುವುದನ್ನು ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಇಬ್ಬರು ವಿಜ್ಞಾನಿಗಳು 1983ರಲ್ಲಿ ವಿವರಿಸಿದರು. ಇವತ್ತಿನ ಯಂತ್ರಗಳೆಲ್ಲ ಅದೇ ಲೆಕ್ಕದ ಮೇಲೆ ನಡೆಯುತ್ತವೆ. ಕೂದಲ ಬುಡದ ಸುತ್ತ ನರಗಳ ತುದಿ ಹೆಣೆದುಕೊಂಡಿರುತ್ತವೆ. ಹಾಗಾಗಿ ಬುಡ ಬಿಸಿಯಾದದ್ದು ನಿಮಗೆ ತಕ್ಷಣ ಗೊತ್ತಾಗುತ್ತದೆ.

ಆ ಅನುಭವ ರಬ್ಬರ್ ಬ್ಯಾಂಡನ್ನು ಎಳೆದು ಚರ್ಮದ ಮೇಲೆ ಬಿಟ್ಟ ಹಾಗಿರುತ್ತದೆ. ಪಟ್ ಅಂತ ಒಂದು ಏಟು, ಅದರ ಬೆನ್ನಿಗೇ ಚುರುಕ್ ಅನ್ನುವ ಬಿಸಿ. ಒಂದೆರಡು ಸೆಕೆಂಡಲ್ಲಿ ಇಳಿದುಬಿಡುತ್ತದೆ. ಒಂದು ಏಟು ತಡೆಯುವುದು ಯಾರಿಗೂ ಕಷ್ಟವಲ್ಲ. ಅದು ಮತ್ತೆ ಮತ್ತೆ ಬೀಳುತ್ತದಲ್ಲ, ಸುಸ್ತು ಮಾಡುವುದು ಅದೇ. ಕಂಕುಳಾದರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಎರಡೂ ಕಾಲು ಪೂರ್ತಿ ಅಂದರೆ ಹೊತ್ತು ಹಿಡಿಯುತ್ತದೆ, ನಡುವೆ ಬಿಡುವು ಕೇಳಿ ಪಡೆಯಿರಿ.

ಕೂದಲು ದಪ್ಪ, ಕಪ್ಪು, ಒತ್ತಾಗಿ ಇದ್ದಷ್ಟೂ ಶಾಖ ಜಾಸ್ತಿ, ನೋವೂ ಜಾಸ್ತಿ. ಕಂಕುಳು ಮತ್ತು ಬಿಕಿನಿ ಭಾಗ ನೋಯುವುದು ಇದಕ್ಕೇ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ, ಕಾಲಿನ ಗಿಣ್ಣಿನ ಹತ್ತಿರ ಚರ್ಮದ ಕೆಳಗೇ ಮೂಳೆ ಇದೆ. ಅಲ್ಲೂ ಚುರುಕು ಹೆಚ್ಚು. ತೊಡೆ, ಕೈ, ಬೆನ್ನು ಸುಲಭ.

ಮೇಲ್ತುಟಿಯದು ಬೇರೆಯೇ ಕಥೆ. ಜಾಗ ಚಿಕ್ಕದು, ಒಂದೆರಡು ನಿಮಿಷದ ಕೆಲಸ, ಆದರೆ ಮುಖದ ನರಗಳು ಬಹಳ ಸೂಕ್ಷ್ಮ. ಕಣ್ಣಿಗೆ ಕನ್ನಡಕ ಕಟ್ಟಿದ್ದರೂ ಮಿಂಚಿದ್ದು ಗೊತ್ತಾಗುತ್ತದೆ. ಮೂಗಿನ ಕೆಳಗೆ ಏಟು ಬಿದ್ದ ಕೂಡಲೇ ಕಣ್ಣಲ್ಲಿ ನೀರು ತುಂಬುತ್ತದೆ, ಕೆಲವರಿಗೆ ಸೀನೂ ಬರುತ್ತದೆ. ಅಳು ಬಂದಿದ್ದಲ್ಲ ಅದು, ದೇಹ ತಾನಾಗಿ ಮಾಡುವ ಕೆಲಸ. ನಾಚಿಕೆ ಪಡಬೇಡಿ. ಹಲ್ಲು, ವಸಡಿಗೂ ಜುಮ್ ಅನ್ನಬಹುದು. ಒದ್ದೆ ಗಾಜ್ ಬಟ್ಟೆಯ ಚಿಕ್ಕ ಮಡಿಕೆಯನ್ನು ತುಟಿಗೂ ಹಲ್ಲಿಗೂ ನಡುವೆ ಇಟ್ಟರೆ ಅದು ಎಷ್ಟೋ ಕಡಿಮೆಯಾಗುತ್ತದೆ. ಅವರು ಮರೆತಿದ್ದರೆ ನೀವೇ ಕೇಳಿ.

ಈಗ ಬಣ್ಣದ ಪ್ರಶ್ನೆ. ಬೆಳಕಿಗೆ ಕೂದಲಿನ ಮೆಲನಿನ್ ಯಾವುದು, ಚರ್ಮದ ಮೆಲನಿನ್ ಯಾವುದು ಅಂತ ಗೊತ್ತಾಗುವುದಿಲ್ಲ. ಚರ್ಮ ಕಪ್ಪಿದ್ದರೆ ಅದೂ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ನೋವು ಜಾಸ್ತಿ, ಸುಡುವ ಅಪಾಯವೂ ಜಾಸ್ತಿ. ಆದ್ದರಿಂದ ನಿಮ್ಮ ಬಣ್ಣಕ್ಕೆ ಯಾವ ಯಂತ್ರ ಅನ್ನುವುದೇ ಮುಖ್ಯ. ಅಲೆಕ್ಸಾಂಡ್ರೈಟ್ ಲೇಸರ್‌ನ ಬೆಳಕಿನ ಅಲೆ 755 ನ್ಯಾನೋಮೀಟರ್, ಡಯೋಡ್‌ನದು ಸುಮಾರು 810, ಎನ್‌ಡಿ-ಯಾಗ್‌ನದು 1064. ಅಲೆ ಉದ್ದವಾದಷ್ಟೂ ಬೆಳಕು ಆಳಕ್ಕೆ ಇಳಿಯುತ್ತದೆ, ಮೇಲ್ಚರ್ಮದ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಹಾಗಾಗಿ ಕಪ್ಪು ಚರ್ಮಕ್ಕೆ ಎನ್‌ಡಿ-ಯಾಗ್ ಎಲ್ಲಕ್ಕಿಂತ ಸುರಕ್ಷಿತ. ಅದರ ಏಟು ಒಳಗೆ ಆಳದಲ್ಲಿ ಚುಚ್ಚುತ್ತದೆ, ಹಲವರಿಗೆ ಉಳಿದೆರಡಕ್ಕಿಂತ ಜಾಸ್ತಿ ನೋಯುತ್ತದೆ. ಆದರೂ ಸ್ವಲ್ಪ ಹೆಚ್ಚು ನೋವು ತಡೆದು ಚರ್ಮ ಉಳಿಸಿಕೊಳ್ಳಿ ಅಂತಲೇ ನಾನು ಹೇಳುವುದು. ಇತ್ತೀಚೆಗೆ ಬಿಸಿಲಲ್ಲಿ ಓಡಾಡಿ ಚರ್ಮ ಇನ್ನೂ ಕಪ್ಪಾಗಿದ್ದರೆ ಅದು ಇಳಿಯುವವರೆಗೆ ಕಾಯಿರಿ.

ನೋವು ಕಡಿಮೆ ಮಾಡುವ ಕೆಲಸ ಮನೆಯಲ್ಲೇ ಶುರುವಾಗುತ್ತದೆ. ಹಿಂದಿನ ದಿನ ನೀಟಾಗಿ ಶೇವ್ ಮಾಡಿ. ಕೂದಲು ಚರ್ಮದ ಮೇಲೆ ನಿಂತಿದ್ದರೆ ಶಾಖವೆಲ್ಲ ಮೇಲೇ ಸುಡುತ್ತದೆ, ಒಳಗಿನ ಬುಡಕ್ಕೆ ಸರಿಯಾಗಿ ತಲುಪುವುದಿಲ್ಲ. ಸುಮ್ನೆ ನೋವು ತಿಂದ ಹಾಗಾಗುತ್ತದೆ. ವ್ಯಾಕ್ಸಿಂಗ್, ಥ್ರೆಡ್ಡಿಂಗ್ ಮಾತ್ರ ನಾಲ್ಕು ವಾರ ಮುಂಚೆಯೇ ನಿಲ್ಲಿಸಿ. ಬುಡವನ್ನೇ ಕಿತ್ತುಬಿಟ್ಟರೆ ಲೇಸರ್‌ಗೆ ಗುರಿಯೇ ಇರುವುದಿಲ್ಲ, ಅಲ್ವಾ? ಮುಟ್ಟಿನ ದಿನಗಳಲ್ಲಿ ಮತ್ತು ಅದಕ್ಕೆ ಸ್ವಲ್ಪ ಮೊದಲು ಜಾಸ್ತಿ ನೋಯುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಸಾಧ್ಯವಾದರೆ ಆ ದಿನಗಳನ್ನು ಬಿಟ್ಟು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಪ್ಯಾರಸಿಟಮಾಲ್ ನಿಮಗೆ ಒಗ್ಗುವುದಾದರೆ ಮುಕ್ಕಾಲು ಗಂಟೆ ಮುಂಚೆ ಒಂದು ಮಾತ್ರೆ ತೆಗೆದುಕೊಳ್ಳಬಹುದು. ದಿನಾ ಬೇರೆ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ನೆರವು ತಂಪು. ಕೆಲವು ಯಂತ್ರಗಳ ತುದಿಯೇ ಮಂಜಿನಷ್ಟು ತಣ್ಣಗಿರುತ್ತದೆ. ಕೆಲವು ಪ್ರತಿ ಏಟಿಗೂ ಮುಂಚೆ ತಣ್ಣನೆಯ ಸ್ಪ್ರೇ ಹೊಡೆಯುತ್ತವೆ. ಕೆಲವು ಕಡೆ ಪೈಪಿನಿಂದ ತಣ್ಣನೆಯ ಗಾಳಿ ಬಿಡುತ್ತಾರೆ. ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ರೇಟು ಕೇಳುವ ಮುಂಚೆ ಎರಡು ವಿಷಯ ಕೇಳಿ: ಯಾವ ಲೇಸರ್, ತಂಪು ಮಾಡುವುದು ಹೇಗೆ. ಇದಕ್ಕೆ ಸರಿಯಾಗಿ ಉತ್ತರ ಕೊಡದವರ ಹತ್ತಿರ ಹೋಗಬೇಡಿ.

ಪ್ರಶ್ನೆ: ಮೆಡಿಕಲ್ ಶಾಪ್‌ನಲ್ಲಿ ಮರಗಟ್ಟಿಸುವ ಕ್ರೀಮ್ ಸಿಗುತ್ತದಂತೆ. ಎರಡೂ ಕಾಲಿಗೆ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಸುತ್ತಿಕೊಂಡು ಹೋದರೆ ಏನೂ ಗೊತ್ತಾಗಲ್ಲ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಉತ್ತರ: ದಯವಿಟ್ಟು ಮಾಡಬೇಡಿ. ಇದರಿಂದ ಜೀವ ಹೋಗಿದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 22 ಮತ್ತು 25 ವರ್ಷದ ಇಬ್ಬರು ಯುವತಿಯರು ಲೇಸರ್‌ಗೆ ಹೋಗುವ ಮುಂಚೆ, ನೀವು ಕೇಳಿದ ಹಾಗೇ, ಕಾಲಿಗೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಇಬ್ಬರಿಗೂ ಫಿಟ್ಸ್ ಬಂತು, ಕೋಮಾಕ್ಕೆ ಹೋದರು, ತೀರಿಕೊಂಡರು.

ಈ ಕ್ರೀಮುಗಳಲ್ಲಿ ಇರುವುದು ಲಿಡೊಕೇನ್, ಕೆಲವದರಲ್ಲಿ ಜೊತೆಗೆ ಪ್ರಿಲೊಕೇನ್. ಚರ್ಮದ ಮೂಲಕ ಇವು ರಕ್ತಕ್ಕೆ ಸೇರುತ್ತವೆ. ಹಚ್ಚಿದ ಜಾಗ ದೊಡ್ಡದಾದಷ್ಟೂ, ಹಚ್ಚಿ ಬಿಟ್ಟ ಹೊತ್ತು ಹೆಚ್ಚಾದಷ್ಟೂ, ಪ್ಲಾಸ್ಟಿಕ್ ಮುಚ್ಚಿ ಬಿಸಿ ಏರಿದಷ್ಟೂ ಜಾಸ್ತಿ ಸೇರುತ್ತವೆ. ಲಿಡೊಕೇನ್ ಮಿತಿ ಮೀರಿದರೆ ಮಿದುಳಿಗೂ ಹೃದಯಕ್ಕೂ ಪೆಟ್ಟು. ಪ್ರಿಲೊಕೇನ್ ಜಾಸ್ತಿಯಾದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಬಾಯಿ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಅನ್ನುವುದು, ತಲೆಸುತ್ತು, ತುಟಿ ನೀಲಿಯಾಗುವುದು ಕಂಡರೆ ಕ್ರೀಮ್ ಒರೆಸಿ ನೇರ ಆಸ್ಪತ್ರೆಗೆ ಹೋಗಬೇಕು.

ಹಾಗಂತ ಕ್ರೀಮೇ ಬೇಡ ಅಂತಲ್ಲ. ಮೇಲ್ತುಟಿ, ಬಿಕಿನಿ ಭಾಗದಂಥ ಚಿಕ್ಕ ಜಾಗಕ್ಕೆ ಡಾಕ್ಟರ್ ಹೇಳಿದಷ್ಟು, ಹೇಳಿದಷ್ಟೇ ಹೊತ್ತು ಹಚ್ಚಿಕೊಳ್ಳಬಹುದು. ಲೇಸರ್‌ಗೆ ಮುಂಚೆ ಪೂರ್ತಿ ಒರೆಸಬೇಕು. ಕಾಲು, ಬೆನ್ನಿಗೆ ತಂಪೇ ಸಾಕು.

ಇನ್ನೊಂದು ಕಾರಣವೂ ಇದೆ. ನೋವು ಇಲ್ಲಿ ಕಾವಲಿನ ಕೆಲಸ ಮಾಡುತ್ತದೆ. ಯಂತ್ರದ ಶಕ್ತಿ ನಿಮ್ಮ ಚರ್ಮಕ್ಕೆ ಜಾಸ್ತಿಯಾಗಿದ್ದರೆ ಮೊದಲು ಗೊತ್ತಾಗುವುದು ನಿಮಗೆ. ಪೂರ್ತಿ ಮರಗಟ್ಟಿದ ಕಾಲು ಸುಡುತ್ತಿದ್ದರೂ ಹೇಳುವುದಿಲ್ಲ.

ಪ್ರಶ್ನೆ: ಕಾಲಿಗೆ ಎರಡು ಸಿಟ್ಟಿಂಗ್ ಚೆನ್ನಾಗೇ ಆಯಿತು. ಮೂರನೆಯದರಲ್ಲಿ ತಡೆಯಲಾರದಷ್ಟು ಉರಿ. ಹೇಳಿದರೆ, ಶಕ್ತಿ ಏರಿಸಿದ್ದೇವೆ, ನೋವಾದರೇ ಕೂದಲು ಹೋಗುವುದು ಅಂದರು. ಇದು ನಿಜವಾ?

ಉತ್ತರ: ಶಕ್ತಿ ಏರಿಸುವುದು ಮಾಮೂಲು. ಕೂದಲು ತೆಳುವಾಗುತ್ತಾ ಹೋದ ಹಾಗೆ ಹಿಡಿಯುವ ಶಾಖ ಕಡಿಮೆಯಾಗುತ್ತದೆ, ಅದಕ್ಕೆ ಏರಿಸುತ್ತಾರೆ. ಆದರೆ ತಡೆಯಲಾರದಷ್ಟು ನೋವು ಒಳ್ಳೆಯ ಫಲಿತಾಂಶದ ಗುರುತು ಅನ್ನುವುದು ತಪ್ಪು. ಸಾಮಾನ್ಯವಾಗಿ ಮೊದಲ ಸಿಟ್ಟಿಂಗೇ ಹೆಚ್ಚು ನೋಯುತ್ತದೆ, ಯಾಕೆಂದರೆ ಆಗ ಕೂದಲು ಒತ್ತಾಗಿರುತ್ತದೆ.

ಏಟಿನ ನೋವು ಅಲ್ಲಲ್ಲೇ ಇಳಿಯಬೇಕು. ಮುಂದಿನ ಏಟು ಬಿದ್ದ ಮೇಲೂ ಹಿಂದಿನ ಜಾಗ ಉರಿಯುತ್ತಲೇ ಇದ್ದರೆ, ಚರ್ಮ ಬೂದುಬಣ್ಣಕ್ಕೆ ತಿರುಗಿದರೆ, ಯಂತ್ರದ ತುದಿಯ ಆಕಾರದಲ್ಲೇ ಗುರುತು ಎದ್ದರೆ "ನಿಲ್ಲಿಸಿ" ಅನ್ನಿ. ಸಂಕೋಚ ಬೇಡ. ನಿಲ್ಲಿಸಿ ಅಂದಾಗ ನಿಲ್ಲಿಸುವುದು ಅವರ ಕೆಲಸ. ಶಕ್ತಿ ಇಳಿಸಬಹುದು, ತಂಪು ಹೆಚ್ಚಿಸಬಹುದು, ಆ ದಿನಕ್ಕೆ ಸಾಕು ಅನ್ನಬಹುದು. ಹೊಸದಾಗಿ ಯಾವುದಾದರೂ ಮಾತ್ರೆ ಶುರು ಮಾಡಿದ್ದೀರಾ, ಬಿಸಿಲಲ್ಲಿ ಜಾಸ್ತಿ ಓಡಾಡಿದ್ದೀರಾ ಅಂತಲೂ ನೆನಪು ಮಾಡಿಕೊಳ್ಳಿ. ಮೊಡವೆಗೆ, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತದೆ. ಪ್ರತಿ ಸಿಟ್ಟಿಂಗಿಗೂ ಮುಂಚೆ ಇದನ್ನೆಲ್ಲ ಅವರು ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ.

ಈಗ ನಿಮ್ಮ ಕಾಲಲ್ಲಿ ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಿನ್ನೆ ಲೇಸರ್ ಆಯಿತು. ಕಂಕುಳಲ್ಲಿ ಕೂದಲು ಇದ್ದ ಕಡೆಯೆಲ್ಲ ಚಿಕ್ಕ ಚಿಕ್ಕ ಕೆಂಪು ಗುಳ್ಳೆ. ಸ್ವಲ್ಪ ಬೆಚ್ಚಗಿದೆ. ಹೆದರಬೇಕಾ?

ಉತ್ತರ: ಬೇಡ. ಬುಡ ಬಿಸಿಯಾಗಿದ್ದರಿಂದ ಅದರ ಸುತ್ತ ಊದಿಕೊಂಡಿದೆ ಅಷ್ಟೇ, ಶಾಖ ಸರಿಯಾದ ಜಾಗಕ್ಕೆ ತಲುಪಿದ ಗುರುತು. ಕೆಲವು ಗಂಟೆಯಿಂದ ಎರಡು ದಿನದೊಳಗೆ ಇಳಿಯುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಐದೈದು ನಿಮಿಷ ಇಡಿ, ನೇರವಾಗಿ ಚರ್ಮಕ್ಕೆ ಇಡಬೇಡಿ. ಎರಡು ದಿನ ಬಿಸಿನೀರಿನ ಸ್ನಾನ, ಬೆವರು ಸುರಿಯುವ ವ್ಯಾಯಾಮ, ಡಿಯೋಡರೆಂಟ್, ಬಿಗಿ ಬಟ್ಟೆ ಬೇಡ. ಒಂದರಿಂದ ಮೂರು ವಾರದಲ್ಲಿ ಸತ್ತ ಕೂದಲು ಮೇಲೆ ಬಂದು ಉದುರುತ್ತದೆ. ಮತ್ತೆ ಬೆಳೆಯಿತು ಅಂತ ಗಾಬರಿಯಾಗಿ ಕೀಳಬೇಡಿ. ಗುಳ್ಳೆ ಮೂರನೇ ದಿನವೂ ಹೆಚ್ಚುತ್ತಿದ್ದರೆ ಅಥವಾ ಕೀವು ಕಂಡರೆ ತೋರಿಸಿ.

ಪ್ರಶ್ನೆ: "ನೋವೇ ಇಲ್ಲದ ಲೇಸರ್" ಅಂತ ಜಾಹೀರಾತು ನೋಡಿದೆ. ನಂಬಬಹುದಾ?

ಉತ್ತರ: ಕೆಲವು ಡಯೋಡ್ ಯಂತ್ರಗಳಲ್ಲಿ ಒಂದೊಂದೇ ಜೋರು ಏಟಿನ ಬದಲು ಕಡಿಮೆ ಶಕ್ತಿಯ ಏಟುಗಳನ್ನು ಸೆಕೆಂಡಿಗೆ ಹಲವು ಸಲ ಕೊಡುತ್ತಾ, ತುದಿಯನ್ನು ಚರ್ಮದ ಮೇಲೆ ಆಡಿಸುತ್ತಿರುತ್ತಾರೆ. ಶಾಖ ನಿಧಾನವಾಗಿ ಏರುತ್ತದೆ. ಚುರುಕ್ ಅನ್ನುವುದು ಕಡಿಮೆ, ಬಿಸಿ ಏರಿದ ಹಾಗೆ ಅನಿಸುವುದು ಜಾಸ್ತಿ. ನೋವಿಗೆ ತುಂಬ ಹೆದರುವವರಿಗೆ ಒಳ್ಳೆಯ ದಾರಿ. ಆದರೂ ನೋವೇ ಇಲ್ಲ ಅನ್ನುವ ಮಾತು ಅತಿಯಾಯಿತು, ಮೂಳೆ ಇರುವ ಕಡೆ ಅದೂ ಚುಚ್ಚುತ್ತದೆ. ದುಡ್ಡು ಕಟ್ಟಿ ಪ್ಯಾಕೇಜ್ ತೆಗೆದುಕೊಳ್ಳುವ ಮುಂಚೆ ಒಂದು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿಸಿ. ನಿಮಗೆ ಎಷ್ಟು ನೋಯುತ್ತದೆ ಅನ್ನುವುದು ಆಗಲೇ ತಿಳಿಯುತ್ತದೆ. ಚರ್ಮ ಹೇಗೆ ತಡೆಯುತ್ತದೆ ಅಂತ ನೋಡಲು ಕನಿಷ್ಠ ಎರಡು ದಿನ ಬಿಟ್ಟು ಮುಂದುವರಿಯಿರಿ.