ಬೀಗ ತೆರೆಯುವವರ ಪರವಾನಗಿ ಏನನ್ನು ಹೇಳುತ್ತದೆ?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ಪತ್ರ ಬರೆದಿರುವ ಓದುಗರಿಗೆ ನಮಸ್ಕಾರ. ಕೀಲಿ ಒಳಗೇ ಉಳಿದು ಬಾಗಿಲು ಹಾಕಿಕೊಂಡ ರಾತ್ರಿ, ಇಂಟರ್‌ನೆಟ್‌ನಲ್ಲಿ ಸಿಕ್ಕ ನಂಬರಿಗೆ ನೀವು ಫೋನ್ ಮಾಡಿದಾಗ 19 ಡಾಲರ್ ಎಂದಿದ್ದವರು, ಬಂದವರೇ ಬೀಗಕ್ಕೆ ಡ್ರಿಲ್ ಹಾಕಿ 380 ಡಾಲರ್ ವಸೂಲಿ ಮಾಡಿದರೆಂದು ತಿಳಿಸಿದ್ದೀರಿ. ಈ ಕೆಲಸಕ್ಕೆ ಅಲ್ಲಿ ಸರ್ಕಾರದ ಪರವಾನಗಿ ಬೇಡವೇ ಎಂದು ಕೇಳಿದ್ದೀರಿ.

ನಿಮ್ಮ ರಾಜ್ಯದಲ್ಲಿ ಖಂಡಿತ ಬೇಕು. ಆದರೆ ಅಮೆರಿಕದ ಎಲ್ಲ ಕಡೆಯೂ ಬೇಕೆಂದೇನಿಲ್ಲ. ನ್ಯೂಯಾರ್ಕ್‌ನಲ್ಲಿ ಪರವಾನಗಿ ಕೇಳುವುದು ನಗರಾಡಳಿತವೇ ಹೊರತು ರಾಜ್ಯವಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ಗ್ರಾಹಕ ವ್ಯವಹಾರಗಳ ಇಲಾಖೆಯ ಅಡಿಯಲ್ಲಿರುವ ಬ್ಯೂರೋ ಆಫ್ ಸೆಕ್ಯುರಿಟಿ ಅಂಡ್ ಇನ್ವೆಸ್ಟಿಗೇಟಿವ್ ಸರ್ವಿಸಸ್, ಲಾಕ್‌ಸ್ಮಿತ್ ಕಂಪನಿಗೆ ಪರವಾನಗಿಯನ್ನೂ ಅದರ ಕೆಲಸಗಾರರಿಗೆ ನೋಂದಣಿಯನ್ನೂ ಕೊಡುತ್ತದೆ.

ಆ ಪರವಾನಗಿ ಕೈಚಳಕಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ ಎಂಬುದನ್ನು ತಾವು ಗಮನಿಸಬೇಕು. ನಾರ್ತ್ ಕ್ಯಾರೊಲೈನಾದಲ್ಲಿ ಇದಕ್ಕೆಂದೇ ಮಂಡಳಿಯಿದ್ದು, ಪರೀಕ್ಷೆ ಪಾಸಾಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಂಥ ಪರೀಕ್ಷೆಯಿಲ್ಲ, ಬೆರಳಚ್ಚು ಪಡೆದು ರಾಜ್ಯದ ನ್ಯಾಯ ಇಲಾಖೆ ಹಾಗೂ ಎಫ್‌ಬಿಐ ದಾಖಲೆಗಳಲ್ಲಿ ಅಪರಾಧದ ಹಿನ್ನೆಲೆ ಇದೆಯೇ ಎಂದು ನೋಡುತ್ತಾರೆ. ಹಾಗೆಂದು ಇದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ನಮ್ಮೂರಿನ ಮಾರುಕಟ್ಟೆಯ ಮೂಲೆಯಲ್ಲಿ ಕೀ ಮಾಡುವವರನ್ನು ನಾವು ನಂಬುವುದು, ನಾಳೆಯೂ ಅವರು ಅಲ್ಲೇ ಕೂತಿರುತ್ತಾರೆ ಎಂಬ ಕಾರಣಕ್ಕೆ. ಫೋನಿನಲ್ಲಿ ಮಾತ್ರ ಸಿಗುವ ಅಪರಿಚಿತನಿಗೆ ಅಂಥ ಜಾಗವಿಲ್ಲ. ಅವನನ್ನು ಮತ್ತೆ ಹುಡುಕಿ ಹಿಡಿಯಲು ಇರುವ ಗುರುತು ಆ ಪರವಾನಗಿಯ ಸಂಖ್ಯೆಯೊಂದೇ. ಆದ್ದರಿಂದಲೇ ಜಾಹೀರಾತಿನಲ್ಲಿ ಅದನ್ನು ನಮೂದಿಸಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ.

ಬಂದವರು ನಿಮ್ಮ ಗುರುತಿನ ಚೀಟಿ ಕೇಳಲೇ ಇಲ್ಲ, ಅಷ್ಟರ ಮಟ್ಟಿಗೆ ಸಜ್ಜನರು ಎಂದು ಬರೆದಿದ್ದೀರಿ. ನನಗೆ ಎಲ್ಲಕ್ಕಿಂತ ಕಳವಳ ತಂದದ್ದು ಆ ಸಾಲು. ಮನೆಯ ಬಾಗಿಲು ತೆರೆದುಕೊಡುವವರು ತೆರೆಸಿದವರ ವಿಳಾಸ, ಗುರುತಿನ ಚೀಟಿಯ ಸಂಖ್ಯೆ ಮತ್ತು ಸಹಿಯನ್ನು ಪಡೆದು, ಆ ದಾಖಲೆಯನ್ನು 2 ವರ್ಷ ಕಾಪಾಡಬೇಕೆಂಬುದು ಕ್ಯಾಲಿಫೋರ್ನಿಯಾದ ನಿಯಮ. ಕೇಳದೆ ನಿಮ್ಮ ಬಾಗಿಲು ತೆರೆದವರು, ನೀವಿಲ್ಲದಾಗ ಬೇರೆಯವರಿಗೂ ಕೇಳದೆ ತೆರೆದಾರು.

ಮನೆಗಳ ಸಾಮಾನ್ಯ ಬೀಗವನ್ನು ಕೆಲಸ ಬಲ್ಲವರು ಬಹುತೇಕ ಸಲ ಒಡೆಯದೆಯೇ ತೆರೆಯುತ್ತಾರೆ. ಹಾಗಾಗಿ ಆ ಒಡೆದ ಬೀಗವನ್ನು ಎಸೆಯಬೇಡಿ. ರಸೀದಿ ಮತ್ತು ಕರೆ ಮಾಡಿದ ನಂಬರಿನೊಂದಿಗೆ ಅದರ ಫೋಟೊ ಸೇರಿಸಿ ಬ್ಯೂರೋಗೆ ದೂರು ಕೊಡಿ. ಪರವಾನಗಿ ಇಲ್ಲದವರ ಮೇಲಿನ ದೂರನ್ನೂ ಅವರು ಸ್ವೀಕರಿಸುತ್ತಾರೆ.