ನನ್ನ ರಕ್ತದಿಂದ ಹೃದಯದ ಕೋಶ: ಮಗನಿಗೆ ಉಪಯೋಗವಿದೆಯೇ?

ಪ್ರಶ್ನೆ: ನನಗೆ 41 ವರ್ಷ. ಹೃದಯದ ಸ್ನಾಯು ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪಥಿ ಇದೆ. ತಂದೆಗೂ ಇತ್ತು. ಜೀನ್ ಪರೀಕ್ಷೆಯಲ್ಲಿ ದೋಷ ಗೊತ್ತಾಗಿದೆ. ಸ್ಟೆಮ್ ಸೆಲ್ ಸಂಶೋಧನೆಗೆ ರಕ್ತ ಕೊಡುವಿರಾ ಎಂದು ವೈದ್ಯರು ಕೇಳಿದ್ದಾರೆ. ಆ ಕೋಶಗಳನ್ನು ನನ್ನ ಹೃದಯಕ್ಕೇ ಹಾಕುತ್ತಾರಾ? 12 ವರ್ಷದ ಮಗನಿಗೆ ಇದರಿಂದ ಉಪಯೋಗವಾಗುತ್ತದೆಯೇ?

ಉತ್ತರ: ಇಲ್ಲ, ನಿಮ್ಮ ಹೃದಯಕ್ಕೆ ಹಾಕುವುದಿಲ್ಲ. ಸ್ಟೆಮ್ ಸೆಲ್ ಎಂದೊಡನೆ ಚಿಕಿತ್ಸೆ ಎಂದೇ ಅನೇಕರು ತಿಳಿಯುತ್ತಾರೆ, ಅದಕ್ಕೇ ಇದನ್ನು ಮೊದಲು ಹೇಳಿದೆ. ಈ ಕಾಯಿಲೆಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಒಪ್ಪಬೇಡಿ. ಅದು ಸಾಬೀತಾದ ಚಿಕಿತ್ಸೆಯಲ್ಲ.

ನಿಮ್ಮ ವೈದ್ಯರು ಕೇಳುತ್ತಿರುವುದೇ ಬೇರೆ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ, ಮರುವರ್ಷ ಮನುಷ್ಯರ ಕೋಶಗಳಿಗೆ ನಾಲ್ಕು ಜೀನ್ ಸೇರಿಸಿ, ಅವನ್ನು ಭ್ರೂಣದ ಕೋಶಗಳಂಥ, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್ ಸ್ಥಿತಿಗೆ ಮರಳಿಸಿದರು. ರಕ್ತದ ಕೋಶಗಳಲ್ಲೂ ಇದು ಸಾಧ್ಯ. ಅಲ್ಲಿಂದ ಅವನ್ನು ಹೃದಯದ ಸ್ನಾಯುಕೋಶಗಳಾಗಿ ಬೆಳೆಸುತ್ತಾರೆ. ಹತ್ತು ಹನ್ನೆರಡು ದಿನಕ್ಕೆ ಪ್ರಯೋಗಾಲಯದ ತಟ್ಟೆಯ ತಳದಲ್ಲಿ ತೆಳ್ಳನೆಯ ಪದರ ತಾನಾಗಿ ಮಿಡಿಯತೊಡಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಮೊದಲ ಸಲ ಅದನ್ನು ಕಂಡಾಗ ನಾನು ಮಾತು ಮರೆತು ನಿಂತಿದ್ದೆ.

ಆ ಪದರದಲ್ಲಿ ನಿಮ್ಮ ಜೀನಿನ ದೋಷವೂ ಇರುತ್ತದೆ. ನಿಮ್ಮ ಮೇಲೆ ಪ್ರಯೋಗಿಸಲಾಗದ ಹತ್ತಾರು ಔಷಧಗಳನ್ನು ಅದರ ಮೇಲೆ ಹಾಕಿ ನೋಡಬಹುದು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ ಹೋಲಿಕೆಯದು. ನಿಮ್ಮದೇ ಕೋಶಗಳ ಒಂದು ಪಾಲಿನಲ್ಲಿ ಜೀನ್ ತಿದ್ದುವ ಕ್ರಿಸ್ಪರ್ ಎಂಬ ತಂತ್ರದ ಮೂಲಕ ಆ ದೋಷವನ್ನಷ್ಟೇ ತಿದ್ದುತ್ತಾರೆ. ಎರಡು ತಟ್ಟೆ, ಉಳಿದೆಲ್ಲ ಒಂದೇ. ತಿದ್ದದ ತಟ್ಟೆಯ ಕೋಶಗಳು ಅತಿ ಜೋರಾಗಿ ಕುಗ್ಗಿ, ಸಡಿಲಗೊಳ್ಳಲು ತಡವಾದರೆ ಕಾರಣ ಆ ದೋಷವೇ ಎನ್ನಲು ಗಟ್ಟಿ ಆಧಾರ ಸಿಗುತ್ತದೆ. ಔಷಧ ಬಿದ್ದ ಮೇಲೆ ಅವು ತಿದ್ದಿದ ಕೋಶಗಳ ಹಾಗೆ ಮಿಡಿದರೆ ಮುಂದಿನ ಹಂತಕ್ಕೆ ಹೋಗಬಹುದು.

ಆದರೆ ಈ ಕೋಶಗಳು ಇನ್ನೂ ಎಳೆಯವು, ಹೊಟ್ಟೆಯೊಳಗಿನ ಮಗುವಿನ ಹೃದಯದವನ್ನು ಹೋಲುತ್ತವೆ. ನಿಮ್ಮದು 41 ವರ್ಷ ದುಡಿದ ಹೃದಯ. ತಟ್ಟೆಯಲ್ಲಿ ಗೆದ್ದ ಔಷಧ ಮನುಷ್ಯರಲ್ಲಿ ಸೋಲಬಹುದು. ಆದರೂ ರಕ್ತ ಕೊಡಿ ಎಂದೇ ಹೇಳುತ್ತೇನೆ. ಸಹಿ ಹಾಕುವ ಮುನ್ನ, ಫಲಿತಾಂಶ ನಿಮಗೆ ತಿಳಿಸುತ್ತಾರೆಯೇ, ನಡುವೆ ಬೇಡವೆಂದರೆ ಕೋಶಗಳನ್ನು ಏನು ಮಾಡುತ್ತಾರೆ ಎಂದು ಕೇಳಿಕೊಳ್ಳಿ.

ಮಗನ ವಿಷಯದಲ್ಲಿ ಸಂಶೋಧನೆಗಾಗಿ ಕಾಯುವುದು ಬೇಡ. ದೋಷ ಅವನಿಗೆ ಬಂದಿರುವ ಸಾಧ್ಯತೆ ಶೇ 50. ನಿಮ್ಮಲ್ಲಿ ಕಂಡ ದೋಷವೊಂದನ್ನೇ ಅವನಲ್ಲಿ ಹುಡುಕಿದರೆ ಸಾಕು. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಈ ತಿಂಗಳೇ ಮಾಡಿಸಿ. ದೋಷವಿದ್ದರೆ, ಈಗ ಎಕೋ ಸರಿಯಿದ್ದರೂ ಬೆಳೆಯುವ ವಯಸ್ಸಿನಲ್ಲಿ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕು. ಆಡುವಾಗ ಎದೆ ನೋವು ಬಂದರೆ, ಎಚ್ಚರ ತಪ್ಪಿ ಬಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.