ಸೌರಹಾಯಿಗೆ ತೆಳು ಹಾಳೆ ಹುಡುಕುತ್ತಿದ್ದೀರಾ? ಮೊದಲು ಬೂಮ್ ನೋಡಿ

ಧಾರವಾಡದಿಂದ ಪುಣೆಗೆ ಬಂದು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದೀರಿ, ಗೆಳೆಯರೊಂದಿಗೆ ಪುಟ್ಟ ಉಪಗ್ರಹಕ್ಕೆ ಸೌರಹಾಯಿ (ಬಿಸಿಲಿನ ಒತ್ತಡದಿಂದಲೇ ನೌಕೆಯನ್ನು ತಳ್ಳುವ ಹೊಳಪು ಹಾಳೆ) ಕಟ್ಟುವ ಆಸೆಯಿದೆ, ಎಲ್ಲಕ್ಕಿಂತ ತೆಳ್ಳಗಿನ ಹಾಳೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಬಾಹ್ಯಾಕಾಶ ವಿಜ್ಞಾನಿಯಲ್ಲ, ಪುಣೆ ಪಕ್ಕದ ಭೋಸರಿಯಲ್ಲಿ ಕಾರ್ಬನ್ ಫೈಬರ್ ಭಾಗಗಳನ್ನು ತಯಾರಿಸುವ ಕೆಲಸದಲ್ಲಿರುವವನು. ಹಾಗಾಗಿಯೇ ಹೇಳುತ್ತೇನೆ: ನಿಮ್ಮ ತಲೆನೋವು ಹಾಳೆಯಲ್ಲ.

ಲೆಕ್ಕ ಹಾಕಿ ನೋಡಿ. 2019ರಲ್ಲಿ ಹಾರಿದ ಲೈಟ್‌ಸೇಲ್-2 ಎಂಬ ಸೌರಹಾಯಿ ನೌಕೆಯ ಹಾಯಿ 32 ಚದರ ಮೀಟರ್, ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ದಪ್ಪ 4.5 ಮೈಕ್ರಾನ್. ಅಂದರೆ ಹಾಳೆಯ ತೂಕ ಹೆಚ್ಚುಕಡಿಮೆ 200 ಗ್ರಾಂ. ಇಡೀ ನೌಕೆಯದು ಸುಮಾರು 5 ಕಿಲೋ. ಹಾಳೆಯ ದಪ್ಪವನ್ನು ಅರ್ಧಕ್ಕಿಳಿಸಿದರೂ ಉಳಿಯುವುದು ಬರೀ 100 ಗ್ರಾಂ! ಮಿಕ್ಕ ಭಾರವೆಲ್ಲ ಹಾಯಿಯನ್ನು ಬಿಗಿದು ಹಿಡಿಯುವ ಉದ್ದ ತೋಳುಗಳು ಅಂದರೆ ಬೂಮ್‌ಗಳು, ಅವನ್ನು ಹೊರದೂಡುವ ಮೋಟಾರ್, ಬ್ಯಾಟರಿ, ನೌಕೆಯ ದಿಕ್ಕು ಬದಲಿಸುವ ಚಕ್ರ ಮುಂತಾದವುಗಳದ್ದು. ಸೂರ್ಯನಿಂದ ಭೂಮಿಯಷ್ಟು ದೂರದಲ್ಲಿ ಬೆಳಕಿನ ಒತ್ತಡ ಚದರ ಮೀಟರಿಗೆ ಹೆಚ್ಚೆಂದರೆ 9 ಮೈಕ್ರೋನ್ಯೂಟನ್. ಲೈಟ್‌ಸೇಲ್-2 ದಿನವಿಡೀ ಸೂರ್ಯನಿಗೆ ಮುಖ ಮಾಡಿ ನಿಂತರೂ ಅದರ ವೇಗ ಹೆಚ್ಚುವುದು ಸೆಕೆಂಡಿಗೆ 5 ಮೀಟರ್ ಮಾತ್ರ. ಹಾಗಾಗಿ ಪ್ರತಿ ಗ್ರಾಂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಆ ಗ್ರಾಂಗಳನ್ನು ಹುಡುಕಬೇಕಾದದ್ದು ಬೂಮ್‌ನಲ್ಲಿ.

ಬೂಮ್ ಎಂದರೆ ಬಡಗಿಯ ಉಕ್ಕಿನ ಅಳತೆಪಟ್ಟಿಯ ಹಾಗೆ: ಚಪ್ಪಟೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಹೊರಬಂದಾಗ ತನ್ನ ಬಾಗಿದ ಆಕಾರಕ್ಕೆ ಮರಳಿ ಗಟ್ಟಿಯಾಗುತ್ತದೆ. ಲೈಟ್‌ಸೇಲ್‌ನವು ಲೋಹದವು. ಲೋಹದ ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಬಿದ್ದರೆ ಅದು ಬಾಗುತ್ತದೆ. ಅದಕ್ಕೇ ನಾಸಾ ಏಪ್ರಿಲ್ 2024ರಲ್ಲಿ ಹಾರಿಸಿದ ಎಸಿಎಸ್-3 ನೌಕೆಗೆ 7 ಮೀಟರ್ ಉದ್ದದ ಕಾಂಪೋಸಿಟ್ (ಕಾರ್ಬನ್ ನಾರನ್ನು ರಾಳದಲ್ಲಿ ಅಂಟಿಸಿದ) ಬೂಮ್‌ಗಳನ್ನು ಹಾಕಿತು. ಲೋಹಕ್ಕಿಂತ 75% ಹಗುರ, ಬಿಸಿಲಿಗೆ ಬಾಗುವುದು 100 ಪಟ್ಟು ಕಡಿಮೆ ಎಂದು ಅವರೇ ಹೇಳಿದ್ದಾರೆ. ಆಗಸ್ಟ್‌ನಲ್ಲಿ 80 ಚದರ ಮೀಟರ್ ಹಾಯಿ ಬಿಚ್ಚಿಕೊಂಡಿತು, ಆದರೂ ಒಂದು ಬೂಮ್ ತುಸು ಬಾಗಿತ್ತು.

ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತಿರುವ ಪೀಡೆಯೊಂದು ಇಲ್ಲಿದೆ. ಸುತ್ತಿಟ್ಟ ಕಾಂಪೋಸಿಟ್‌ನ ರಾಳ ತಿಂಗಳುಗಟ್ಟಲೆ ಒತ್ತಡದಲ್ಲಿದ್ದರೆ ನಿಧಾನವಾಗಿ ಸಡಿಲುತ್ತದೆ, ಬಿಚ್ಚಿದಾಗ ಮೊದಲಿನ ಬಿಗಿ ಇರುವುದಿಲ್ಲ. ಉಡಾವಣೆ ಮುಂದೂಡುವುದು ಸಾಮಾನ್ಯ. ಅಷ್ಟೂ ದಿನ ಬೂಮ್ ಡಬ್ಬಿಯೊಳಗೇ ಇರುತ್ತದೆ! ಇನ್ನೊಂದು ಕಾಟ, ಸುರುಳಿ ಹೊರಗೆ ಬರುವ ಬದಲು ಒಳಗೇ ಉಬ್ಬಿ ಸಿಕ್ಕಿಕೊಳ್ಳುವುದು. ಹಾಳೆಯ ಮಡಿಕೆಗಳಲ್ಲಿ ಗಾಳಿ ಉಳಿದರೆ ನಿರ್ವಾತದಲ್ಲಿ ಅದೂ ಉಬ್ಬುತ್ತದೆ, ಗಾಳಿ ಹೊರಹೋಗಲು ದಾರಿ ಬಿಟ್ಟಿರಬೇಕು.

ಬೂಮ್ ಇಲ್ಲದೆಯೂ ಹಾಯಿ ಹರಡಬಹುದು. 2010ರಲ್ಲಿ ಜಪಾನಿನ ಇಕಾರೋಸ್ ಗಿರಗಿರನೆ ತಿರುಗಿ, ಮೂಲೆಗಳಲ್ಲಿದ್ದ ಸಣ್ಣ ತೂಕಗಳ ಎಳೆತದಿಂದಲೇ 14 ಮೀಟರ್ ಚೌಕದ ಹಾಯಿ ಬಿಚ್ಚಿ ಶುಕ್ರನತ್ತ ಸಾಗಿತು. ನಿಮಗೆ ಅದು ಒಗ್ಗದು. ಭೂಮಿಯನ್ನು ಸುತ್ತುತ್ತಾ ಕಕ್ಷೆ ಎತ್ತರಿಸಬೇಕಾದರೆ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಹಾಯಿಯನ್ನು 90 ಡಿಗ್ರಿ ಹೊರಳಿಸಬೇಕು. ಸೂರ್ಯನಿಂದ ದೂರ ಸರಿಯುವಾಗ ಬೆಳಕಿಗೆ ಎದೆಯೊಡ್ಡಬೇಕು, ಸೂರ್ಯನತ್ತ ಹೋಗುವಾಗ ಅಂಚು ತೋರಿಸಬೇಕು. ತಿರುಗುತ್ತಿರುವ ವಸ್ತು ಅಷ್ಟು ಬೇಗ ಮಣಿಯುವುದಿಲ್ಲ.

ಬಿಚ್ಚಿಕೊಳ್ಳದ ಹಾಯಿ ಏನು ಮಾಡುತ್ತದೆಂಬುದನ್ನು ನಮ್ಮ ಹಾಸನದ ನಿಯಂತ್ರಣ ಕೇಂದ್ರ 1982ರಲ್ಲೇ ಕಂಡಿದೆ. ಇನ್ಸಾಟ್-1ಎ ಎಂಬ ಸಂಪರ್ಕ ಉಪಗ್ರಹಕ್ಕೆ ಒಂದೇ ಬದಿಯಲ್ಲಿ ಸೌರಫಲಕ; ಅದರ ಮೇಲೆ ಬೀಳುವ ಬೆಳಕಿನ ಒತ್ತಡವನ್ನು ಸರಿದೂಗಿಸಲು ಇನ್ನೊಂದು ಬದಿಗೆ ಹಾಯಿ ಇಟ್ಟಿದ್ದರು. ಅದು ತೆರೆಯಲಿಲ್ಲ. ಬೇರೆ ತೊಂದರೆಗಳೂ ಸೇರಿ ಇಂಧನ ಬರಿದಾಗಿ, ಸೆಪ್ಟೆಂಬರ್‌ನಲ್ಲಿ ಉಪಗ್ರಹವನ್ನೇ ಕೈಬಿಡಬೇಕಾಯಿತು.

ನೀವಿರುವ ಪುಣೆಯಲ್ಲೇ ಮಾದರಿಯೂ ಇದೆ: ಸಿಒಇಪಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ 'ಸ್ವಯಂ' ಉಪಗ್ರಹ 2016ರ ಜೂನ್‌ನಲ್ಲಿ ಪಿಎಸ್‌ಎಲ್‌ವಿ ಮೇಲೆ ಹಾರಿತು, ತೂಕ ಒಂದು ಕಿಲೋದೊಳಗೆ. ಅವರಂತೆ ನೀವೂ ಚಿಕ್ಕದರಿಂದ ಹೊರಡಿ. ಒಂದು ಮೀಟರ್ ಬೂಮ್ ಮಾಡಿ, ಸುತ್ತಿಟ್ಟು, ಮಳೆಗಾಲ ಕಳೆದ ಮೇಲೆ ಬಿಚ್ಚಿ, ಎಷ್ಟು ಬಿಗಿ ಉಳಿದಿದೆ ಎಂದು ಅಳೆಯಿರಿ. ಜೊತೆಗೆ ಉಡಾವಣೆಯ ಎತ್ತರ ವಿಚಾರಿಸಿ. ಸುಮಾರು 700 ಕಿಲೋಮೀಟರಿಗಿಂತ ಬಹಳ ಕೆಳಗಾದರೆ ಬೆಳಕು ತಳ್ಳುವುದಕ್ಕಿಂತ ಗಾಳಿ ತಡೆಯುವುದೇ ಹೆಚ್ಚು.

ಹಾಳೆಯೇ ಬೇಕೆಂದರೆ, ಮಡಿಸುವ ಅಭ್ಯಾಸಕ್ಕೆ ಸಹ್ಯಾದ್ರಿ ಚಾರಣಿಗರು ಕೊಳ್ಳುವ ಬೆಳ್ಳಿಬಣ್ಣದ ತುರ್ತು ಹೊದಿಕೆ ಸಾಕು.